ಹೊಲಿದ ಜಿಪ್ಪು

"ಕುತ್ತಿಗೆಯವರೆಗೂ ಉಂಟಲ್ವಾ? ಹೆಗಲಿಗೆ ಗಾಳಿ ತಾಗುವುದಿಲ್ಲವಲ್ಲ?" ಎಂದು ಬರ್ತಾಬಾಯಿ ಮೂರನೆಯ ಸಲ ಕೇಳುವಾಗ ಮಗ ಲಿಯೋನೆಲ್ ಬೆವರಿನಲ್ಲಿ ಅರ್ಧ ಬೆಂದಿದ್ದ. ಶಂಕರಪುರದ ಡಿಸೆಂಬರ್ ಮಧ್ಯಾಹ್ನ; ಜಗಲಿಯ ಮೇಲೆ ಹಕ್ಕಿಗರಿ ತುಂಬಿದ ಸ್ಲೀಪಿಂಗ್ ಬ್ಯಾಗ್; ಅದರೊಳಗೆ ಹದಿನೆಂಟರ ಹುಡುಗ. ಚಳಿಯೆಂದರೆ ಬೆಳಗಿನ ಹೊತ್ತು ಒಂದು ಶಾಲು ಹೆಚ್ಚು ಎಂದುಕೊಂಡ ಊರಿನವರು ಹಿಮದ ಚೀಲ ಆರಿಸಲು ಕೂತರೆ ಹೀಗೇ ಆಗುವುದು.

ಉಡುಪಿಯ ಕಾಲೇಜಿನ ಎನ್‌ಸಿಸಿಯಿಂದ ಹಿಮಾಲಯದ ಶಿಬಿರಕ್ಕೆ ಆಯ್ಕೆಯಾದವನು ಲಿಯೋನೆಲ್ ಒಬ್ಬನೇ. ಮಲಗುವ ಚೀಲವನ್ನು ತಾನೇ ಒಯ್ಯಬೇಕಿತ್ತು. ಮನೆಗೆ ಎರಡು ಬಂದವು. ಒಂದು ಮಂಗಳೂರಿನ ಮಿಲಿಟರಿ ಹಳೇ ಸಾಮಾನಿನ ಅಂಗಡಿಯದು: ತೆಳು, ಒಳಗೆ ಕಂಬಳಿ ಬಟ್ಟೆ, ಪಕ್ಕದಲ್ಲಿ ಉದ್ದಕ್ಕೂ ಒತ್ತುಗುಂಡಿ. ಇನ್ನೊಂದು ಪಾದ್ರಿ ಎಡ್ಮಂಡ್ ಕೊಟ್ಟದ್ದು: ಹಾಸಿಗೆಯಷ್ಟು ದಪ್ಪ, ಆದರೆ ಜಿಪ್ಪು ಕೆಟ್ಟಿತ್ತು. ಬರ್ತಾಬಾಯಿಯ ಮನಸ್ಸು ದಪ್ಪದ್ದರ ಮೇಲೆ ಕೂತಿತು. ಮಲ್ಲಿಗೆ ಕಟ್ಟುವ ಕೈ ಸುಮ್ಮನಿದ್ದೀತೇ? ಮೂರು ದಿನ ಹೂವಿನ ಕೆಲಸ ಬಿಟ್ಟು, ಮೀನುಬಲೆಯ ದಾರಕ್ಕೆ ಮೇಣ ಸವರಿ, ಕೆಟ್ಟ ಜಿಪ್ಪನ್ನು ಮೇಲಿನಿಂದ ಕೆಳಗೆ ಎರಡು ಸಲ ಹೊಲಿದು ಮುಚ್ಚಿದಳು. ಅವಳು ಕಟ್ಟಿದ ಹೂ ಮುಂಬಯಿಗೆ ಹೋದರೂ ಗಂಟು ಸಡಿಲುವುದಿಲ್ಲವೆಂದು ಊರೇ ಹೇಳುತ್ತಿತ್ತು. ಈಗ ಚೀಲದೊಳಗೆ ಇಳಿಯಲು ಕುತ್ತಿಗೆಯ ಕಿಂಡಿ ಮಾತ್ರ, ಅದನ್ನು ಬಿಗಿಯಲು ಒಂದು ಲಾಡಿ.

ಅವಳ ಗಂಡ ಅಲೆಕ್ಸಾಂಡರ್ ತೋಟದಿಂದ ಕುಂಟುತ್ತ ಬಂದ. ಹವಾಲ್ದಾರನಾಗಿದ್ದವನು, ಹಿಂದಿನ ವರ್ಷ ನೇಫಾದ ಗಡಿಯಲ್ಲಿ ಚೀನೀಯರೊಂದಿಗೆ ನಡೆದ ಯುದ್ಧದಲ್ಲಿ ಎಡಗಾಲಿನ ಬೆರಳುಗಳನ್ನೆಲ್ಲ ಹಿಮಕ್ಕೆ ಕೊಟ್ಟು ಬಂದಿದ್ದ. ಯುದ್ಧದ ಬಗ್ಗೆ ಯಾರು ಕೇಳಿದರೂ ಅವನದು ಒಂದೇ ಮಾತು: ಜೊತೆಗಿದ್ದ ಕಾಪುವಿನ ಜೇಮ್ಸ್ ನಿಂತು ಗುಂಡು ಹಾರಿಸುತ್ತಲೇ ಸತ್ತ. ಜೇಮ್ಸನ ತಾಯಿಗೂ ಅದನ್ನೇ ಹೇಳಿ ಬಂದಿದ್ದ.

"ಗುಂಡಿಯದ್ದು ಸಾಕು ಅಂತ ಹೇಳಿದ್ದೆನಲ್ಲ" ಎಂದ.

"ಗುಂಡಿಯ ಸಂದಿಯಲ್ಲಿ ಗಾಳಿ ಹೋಗುತ್ತದೆ. ಇದನ್ನು ನೋಡಿ, ಇರುವೆಗೂ ಜಾಗ ಇಲ್ಲ."

ಅವನು ಬಗ್ಗಿ ಹೊಲಿಗೆಯುದ್ದಕ್ಕೂ ಹೆಬ್ಬೆರಳು ಎಳೆದ. ಮುಖ ಬಿಳಿಚಿತು.

"ಯಾರು ಹೊಲಿದದ್ದು?"

"ನಾನು. ಮತ್ತೆ ಯಾರು?"

ಅಲೆಕ್ಸಾಂಡರ್ ಮಗನ ತಲೆಯನ್ನು ಒಳಗೆ ಒತ್ತಿ, ಲಾಡಿ ಎಳೆದು ಗಂಟು ಬಿಗಿದ. "ಹೊರಗೆ ಬಾ."

"ಎಂತ ಪಪ್ಪಾ, ಸೆಕೆ ಆಗ್ತದೆ!" ಲಿಯೋನೆಲ್ ಒಳಗಿನಿಂದ ನಕ್ಕ.

ಮೊದಲ ಒದೆ ಸೊಂಟಕ್ಕೆ ಬಿತ್ತು. ನಗು ನಿಂತಿತು.

"ಬಾ ಹೊರಗೆ! ಬಂದಿದ್ದಾರೆ, ಬಾ!" ಗೋಡೆಗೆ ಒರಗಿಸಿದ್ದ ತೆಂಗಿನ ಮಡಲಿನ ದಿಂಡು ಅವನ ಕೈಗೆ ಬಂದಿತ್ತು. ಬೆನ್ನಿಗೆ, ತೊಡೆಗೆ, ಮುಖವೋ ಮೊಣಕೈಯೋ ತಿಳಿಯದ ಉಬ್ಬಿಗೆ ಏಟು ಬೀಳುತ್ತ ಹೋಯಿತು. ಚೀಲ ಹೊರಳಿ ಮೆಟ್ಟಿಲಿನಿಂದ ಅಂಗಳಕ್ಕೆ ಬಿತ್ತು. ಒಳಗಿನಿಂದ "ಪಪ್ಪಾ, ಪಪ್ಪಾ" ಎಂಬ ಕೂಗು ಕೇಳುತ್ತಿತ್ತು. ಬರ್ತಾಬಾಯಿ ಓಡಿ ಅದರ ಮೇಲೆ ಬಿದ್ದಳು. ಮುಂದಿನ ಏಟು ಅವಳ ಮಣಿಕಟ್ಟಿಗೆ ಬಿದ್ದು ಬಳೆ ಚೂರಾಯಿತು. ಅವಳನ್ನು ರಟ್ಟೆ ಹಿಡಿದು ಪಕ್ಕಕ್ಕೆಸೆದು ಮತ್ತೆ ಬಾರಿಸಿದ. ಮಗನನ್ನು ಹೀಗೆ ಹೊಡೆಯುವ ಅಪ್ಪನಿಗೆ ಯಾವ ಯುದ್ಧವೂ ನೆಪವಾಗಬಾರದು. ಆದರೆ ಅವನ ಕಣ್ಣಿಗೆ ಆಗ ಮಗ ಕಾಣುತ್ತಿರಲಿಲ್ಲ.

"ನಿಮಗೆ ಹುಚ್ಚು ಹಿಡಿದಿದೆಯಾ? ಸಾಯ್ತಾನೆ ಅವನು!"

"ಸಾಯ್ತಾನೆ! ಜೇಮ್ಸ್ ಹೀಗೇ ಸತ್ತದ್ದು!" ಅವನು ಕಿರುಚಿದ. "ನಿಂತು ಸತ್ತದ್ದಲ್ಲ, ಸುಳ್ಳು ಅದು. ಬೆರಳು ಮರಗಟ್ಟಿದೆ, ಚೀಲದ ಜಿಪ್ಪು ಎಳೆದುಕೊಡು ಅಂತ ಕೇಳಿದ. ನಾನೇ ಎಳೆದೆ. ಗಂಟಲಿನವರೆಗೆ ಎಳೆದೆ, ಗಾಳಿ ಹೋಗದ ಹಾಗೆ. ಬೆಳಗಾಗುವ ಮೊದಲು ಅವರು ಬಂದರು. ಜಿಪ್ಪು ಹಿಮ ಕಚ್ಚಿ ಕೂತಿತ್ತು. ನನ್ನ ಹೆಸರು ಹಿಡಿದು ಕರೆದ, ಬರ್ತಾ. ಮೀನಿಗೆ ಚುಚ್ಚಿದ ಹಾಗೆ ಚುಚ್ಚಿದರು. ನಾನು ಓಡಿದೆ."

ದಿಂಡು ಕೈಯಿಂದ ಜಾರಿತು. ಚೀಲ ಈಗ ಹೆಚ್ಚು ಅಲುಗುತ್ತಿರಲಿಲ್ಲ.

ಬರ್ತಾಬಾಯಿ ಬಾಳೆನಾರು ಸೀಳುವ ಚೂರಿ ತಂದಳು. ಲಾಡಿಯ ಗಂಟು ಬಿಚ್ಚಿಕೊಳ್ಳಲಿಲ್ಲ, ಮಗನ ತಲೆಯ ಹತ್ತಿರ ಚೂರಿ ಹಾಕಲು ಭಯ. ಹೊಲಿಗೆಗೆ ಚೂರಿ ಹಾಕಿದಳು; ಅವಳದೇ ಮೇಣದ ದಾರ, ಅವಳದೇ ಗಂಟು, ಒಂದೂ ಸಡಿಲಲಿಲ್ಲ. "ದೇವಾ, ನಾನೆಂತ ಮಾಡಿದೆ" ಎಂದು ಅಳುತ್ತ ಕೊನೆಗೆ ಬಟ್ಟೆಯನ್ನೇ ಸೀಳಿದಳು. ಅಂಗಳದ ತುಂಬ ಬಿಳಿ ಗರಿ ಹಾರಿತು. ಲಿಯೋನೆಲ್ ಬಾಯಿ ತುಂಬ ರಕ್ತದೊಂದಿಗೆ ಹೊರಗೆ ಬಂದು ಕೆಮ್ಮಿದ. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು.

"ಹತ್ತು ಎಣಿಸುವುದರೊಳಗೆ ಹೊರಗೆ ಬರಬೇಕು" ಎಂದ ಅಲೆಕ್ಸಾಂಡರ್, ಯಾರಿಗೆಂದಿಲ್ಲದೆ.

ಲಿಯೋನೆಲ್ ತೆವಳುತ್ತ ಜಗಲಿಗೆ ಹತ್ತಿ, ತೆಳು ಚೀಲದೊಳಗೆ ಇಳಿದು ಗುಂಡಿಗಳನ್ನೆಲ್ಲ ಒತ್ತಿದ. ಆಮೇಲೆ ಒಂದೇ ಸಲ ಕಿತ್ತ. ಗುಂಡಿಗಳು ಪಟಪಟನೆ ಬಿಚ್ಚಿಕೊಂಡವು. ಎದ್ದು ನಿಂತು ಅಪ್ಪನನ್ನು ದಿಟ್ಟಿಸಿ ನೋಡಿದ.

"ಇದು ಆಗಬಹುದಾ?"

"ಆಗಬಹುದು."

ಸಂಜೆ ಜಪಮಾಲೆಯ ಪ್ರಾರ್ಥನೆ ಎಂದಿನಂತೆ ನಡೆಯಿತು. ಅದು ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಕೇಳಬೇಕು. ಮನೆಯಲ್ಲಿ ಎಂಥ ಜಗಳವಿದ್ದರೂ ಆ ಆಶೀರ್ವಾದವಿಲ್ಲದೆ ಊಟಕ್ಕೆ ಕೂರುವ ಪದ್ಧತಿಯಿಲ್ಲ. ಲಿಯೋನೆಲ್ ತಾಯಿಯಲ್ಲಿ ಕೇಳಿದ. ಮತ್ತೆ ನಿಂತೇ ಇದ್ದ.

"ಕೇಳು ಮಗಾ" ಎಂದಳು ಬರ್ತಾಬಾಯಿ, ಊದಿದ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಳ್ಳುತ್ತ.

ಅವನು ಅಪ್ಪನ ಹತ್ತಿರ ಹೋದ. "ಬೆಸಾಂವ್ ದೀ, ಪಪ್ಪಾ." ಒಡೆದ ತುಟಿಯಿಂದ ಮಾತು ಸರಿಯಾಗಿ ಹೊರಡಲಿಲ್ಲ.

ಅಲೆಕ್ಸಾಂಡರ್ ಹರಸಲು ಬಲಗೈ ಎತ್ತಿದ. ಲಿಯೋನೆಲ್ ಥಟ್ಟನೆ ಕುಗ್ಗಿ, ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡ.

ಎತ್ತಿದ ಕೈ ಹಾಗೇ ನಿಂತಿತು. ಹುಡುಗನ ತೋಳಿಗೆ ಅಂಟಿದ್ದ ಒಂದು ಬಿಳಿ ಗರಿ ಅವನ ಉಸಿರಿಗೆ ಅಲುಗುತ್ತಿತ್ತು.