ಗುಡ್ಡ ಹತ್ತುವುದೇ ಈ ಗಾಡಿ?

ನಾನು ಒಂದು ಬೈಕು. ಡಾಂಬರು ರಸ್ತೆಗೂ ಸೈ, ರಸ್ತೆಯೇ ಇಲ್ಲದ ಕಡೆಗೂ ಸೈ ಎಂದು ಹೇಳಿಕೊಂಡು ಹುಟ್ಟಿದ ಜಾತಿ ನಮ್ಮದು. ದೊಡ್ಡ ಬೈಕುಗಳ ಮುಂದೆ ಚಿಕ್ಕವನು, ಚಿಕ್ಕವುಗಳ ಮುಂದೆ ದೊಡ್ಡವನು. ಇಂಥ ನಡುವಿನವರನ್ನು ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ಕಾರ್ಖಾನೆಯಲ್ಲಿ ಕಣ್ಣು ಬಿಟ್ಟಾಗ ನಾನು ಮೊದಲು ಕಂಡದ್ದು, ಹಲಗೆಗೆ ಕಾಗದ ಸಿಕ್ಕಿಸಿಕೊಂಡು ನನ್ನನ್ನು ಸುತ್ತುತ್ತಿದ್ದ ಒಬ್ಬ ಮನುಷ್ಯನನ್ನು. ಅವನು ಪ್ರತಿ ಬೋಲ್ಟನ್ನೂ ಒಮ್ಮೆ ತಿರುವಿ, ಹುಬ್ಬು ಗಂಟಿಕ್ಕಿ, ಕೊನೆಗೆ ಬೇರೆ ದಾರಿಯಿಲ್ಲ ಎನ್ನುವವನಂತೆ ಸಹಿ ಹಾಕಿದ.

ನನ್ನನ್ನು ಮಾರಲಿಲ್ಲ, ಪರೀಕ್ಷೆಗೆ ಕೊಟ್ಟರು. ಮೊದಲು ಸಿಕ್ಕವನು ಬೆಂಗಳೂರಿನ ಪ್ರಹ್ಲಾದ, ಪತ್ರಿಕೆಗೆ ಬೈಕುಗಳ ವಿಮರ್ಶೆ ಬರೆಯುವವನು. ಹೆದ್ದಾರಿಯಲ್ಲಿ ಅವನು ಪ್ರಾಮಾಣಿಕ. ನೂರರ ಮೇಲೆ ಹ್ಯಾಂಡಲ್ ತುಸು ನಡುಗುತ್ತದೆ ಎಂದು ಬರೆದ, ನಿಜ. ಸೀಟು ಒಂದು ಗಂಟೆಯ ನಂತರ ಹಲಗೆಯಾಗುತ್ತದೆ ಎಂದ, ಅದೂ ನಿಜ. ಮಣ್ಣಿನ ದಾರಿಯ ವಿಷಯಕ್ಕೆ ಬಂದಾಗ ಮಾತ್ರ ನನ್ನನ್ನು ಊರಾಚೆಯ ಒಂದು ಹೊಸ ಬಡಾವಣೆಗೆ ಕರೆದೊಯ್ದು, ಜಲ್ಲಿ ರಾಶಿಯ ಪಕ್ಕದ ಅದೇ ಹತ್ತು ಮಾರು ಜಾಗದಲ್ಲಿ ಹದಿನೇಳು ಸಲ ಓಡಿಸಿ ಫೋಟೊ ತೆಗೆಸಿಕೊಂಡ. ‘ಎಂಥ ಗುಡ್ಡವನ್ನೂ ಲೀಲಾಜಾಲವಾಗಿ ಏರುತ್ತದೆ’ ಎಂದು ಅಚ್ಚಾಯಿತು. ನಾನು ಅಲ್ಲಿಯವರೆಗೆ ಫ್ಲೈಓವರಿಗಿಂತ ಎತ್ತರದ್ದೇನನ್ನೂ ಹತ್ತಿರಲಿಲ್ಲ.

ಅಲ್ಲಿಂದ ಹುಬ್ಬಳ್ಳಿಯ ಒಂದು ಶೋರೂಮು. ಬಂದವರೆಲ್ಲ ನನ್ನ ಮೇಲೆ ಕೂತು ಅಲ್ಲಾಡಿಸಿ ಎರಡೇ ಪ್ರಶ್ನೆ ಕೇಳುತ್ತಿದ್ದರು. “ಎಷ್ಟ್ ಕೊಡ್ತೈತಿ?” ಮತ್ತು “ಕಾಲ್ ನಿಲುಕ್ತಾವಿಲ್ಲೋ?” ಎರಡನೆಯದನ್ನು ತಮಗೆ ತಾವೇ ಕೇಳಿಕೊಂಡು, ಬೆರಳ ತುದಿಯಲ್ಲಿ ನಿಂತು, ನಿಲುಕಿದವರಂತೆ ನಟಿಸುತ್ತಿದ್ದರು. ಕೆಳಗಿನಿಂದ ನೋಡುವವನಿಗೆ ಹಿಮ್ಮಡಿಗಳು ಸುಳ್ಳು ಹೇಳುವುದಿಲ್ಲ.

ಒಂದು ವರ್ಷದ ನಂತರ ನನ್ನನ್ನು ಗದಗದ ಆಚೆ, ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಕಂಪನಿ ಕೊಂಡಿತು. ಬಯಲಿನಲ್ಲಿ ಯಂತ್ರ ಹೊತ್ತ ಕೆಲವು ಕಂಬ, ಗುಡ್ಡದ ನೆತ್ತಿಯಲ್ಲಿ ಒಂಬತ್ತು. ನೆತ್ತಿಗೆ ಜೀಪು ಸುತ್ತು ಬಳಸಿ ಹೋಗಲು ಒಂದು ತಾಸು ಬೇಕು. ನೇರ ಹೋಗುವ ಜಲ್ಲಿ ದಾರಿ ತೀರ ಕಡಿದಾದದ್ದು, ಅದಕ್ಕೆಂದೇ ನಾನು.

ಸೈಟಿನ ಮುಖ್ಯಸ್ಥ ದ್ಯಾಮನಗೌಡರು ಪ್ರಹ್ಲಾದನ ವಿಮರ್ಶೆಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ, ಮುಗಿದ ಮೇಲೆ ಹೇಳಿದರು: “ಪೇಪರ್‍ನ್ಯಾಗ ಹತ್ತೂ ಗುಡ್ಡ ಬ್ಯಾರೆ. ನಾ ಕುಂತು ನೋಡ್ತೀನಿ.”

ಕುಂತು ನೋಡುವುದೆಂದರೆ ಅವರ ಮನೆತನದ ಪದ್ಧತಿ. ಅವರ ತಂದೆ ಲಾರಿ ಇಟ್ಟಿದ್ದವರು. ಹೊಸ ಡ್ರೈವರ್ ಬಂದರೆ ಪಕ್ಕದಲ್ಲಿ ಕೂತು, ತೊಡೆಯ ಮೇಲೆ ತುಂಬಿದ ಚರಿಗಿ ನೀರು ಇಟ್ಟುಕೊಳ್ಳುತ್ತಿದ್ದರಂತೆ. ನೀರು ಚೆಲ್ಲದವನಿಗೆ ಲಾರಿ. ಗೌಡರೂ ಅದನ್ನೇ ಬೈಕಿಗೆ ತಂದರು. ಹಿಂದಿನ ಸೀಟಿನಲ್ಲಿ ತಾವು, ಕೈಯಲ್ಲಿ ಚರಿಗಿ. ಪರೀಕ್ಷೆ ನನಗೂ ಹೌದು, ಓಡಿಸುವವರಿಗೂ ಹೌದು. ಗೆದ್ದವರಿಗೆ ನಾನು, ನನ್ನ ಜೊತೆ ನೆತ್ತಿಯ ಒಂಬತ್ತು ಕಂಬಗಳ ಜವಾಬ್ದಾರಿ.

ಉಮೇದುವಾರರು ಇಬ್ಬರು. ಒಬ್ಬ ಫಕೀರೇಶ, ಆರಡಿ ಆಳು. ಇನ್ನೊಬ್ಬಳು ದಾಕ್ಷಾಯಣಿ, ಐದಡಿಗೆ ಒಂದು ಬೆರಳು ಕಡಿಮೆ. ಮೂರು ವರ್ಷದಿಂದ ಬಯಲಿನ ಕಂಬಗಳನ್ನು ಹತ್ತಿ ಇಳಿಯುತ್ತಿದ್ದವಳು. ನೆತ್ತಿ ಸಿಗದಿದ್ದರೆ ಅವಳನ್ನು ಕಂಟ್ರೋಲ್ ರೂಮಿನಲ್ಲಿ ಕೂರಿಸಿ ರಿಜಿಸ್ಟರ್ ಬರೆಸುವುದೆಂದು ಆಗಲೇ ಮಾತಾಗಿತ್ತು. ಎಂಬತ್ತು ಮೀಟರ್ ಕಂಬ ಹತ್ತುವವಳನ್ನು ಅವರು ಎಂಬತ್ತನಾಲ್ಕು ಸೆಂಟಿಮೀಟರಿನ ಸೀಟಿನ ಮುಂದೆ ನಿಲ್ಲಿಸಿ ಅನುಮಾನಿಸುತ್ತಿದ್ದರು.

“ನಿನ್ನ ಕಾಲ ನೆಲಕ್ಕ ಹತ್ತಂಗಿಲ್ಲಲ್ಲವಾ,” ಎಂದರು ಗೌಡರು.

“ಎರಡೂ ಕಾಲು ಯಾಕ್ರಿ ನೆಲಕ್ಕ? ನಿಂತಾಗ ಒಂದ ಸಾಕು. ಹೊಂಟಾಗ ಒಂದೂ ಬ್ಯಾಡ.”

“ಮಾತಿನ್ಯಾಗ ಗುಡ್ಡ ಹತ್ತಿಬಿಟ್ಲು ನೋಡು,” ಎಂದ ಫಕೀರೇಶ.

ಮೊದಲು ಅವನೇ ಹೊರಟ. ಡಾಂಬರಿನಲ್ಲಿ ಒಂದು ಹನಿ ಚೆಲ್ಲಲಿಲ್ಲ. ಅವನ ಕೈ ನಿಜಕ್ಕೂ ನಯ. ಜಲ್ಲಿ ಶುರುವಾಗುತ್ತಲೇ ಅವನ ಮನಸ್ಸೆಲ್ಲ ಹಿಂದಿನ ಚರಿಗಿಯಲ್ಲಿ ಸೇರಿಕೊಂಡಿತು. ಎರಡೂ ಕಾಲು ನೆಲಕ್ಕೆ ಬಿಟ್ಟು, ಕ್ಲಚ್ ಅರ್ಧ ಹಿಡಿದು, ಮದುವೆ ಮೆರವಣಿಗೆಯ ಕುದುರೆಯಂತೆ ನನ್ನನ್ನು ನಡೆಸಿದ. ಏರಿಗೆ ಬೇಕಾದದ್ದು ಓಟ, ಅವನು ಕೊಟ್ಟದ್ದು ಎಚ್ಚರಿಕೆ. ಎರಡನೇ ತಿರುವಿನಲ್ಲಿ ನನ್ನ ಉಸಿರು ನಿಂತಿತು. ಹಿಂದಕ್ಕೆ ಒಂದು ಮಾರು ಜಾರಿ ಮೂವರೂ ಮೆಲ್ಲಗೆ ಮಲಗಿದೆವು. ಯಾರಿಗೂ ಪೆಟ್ಟಾಗಲಿಲ್ಲ. ನೀರು ಪೂರ್ತಿ ಗೌಡರ ಅಂಗಿಯ ಮೇಲೆ.

“ಗಾಡೀನ ಸರಿ ಇಲ್ರಿ,” ಎಂದ ಫಕೀರೇಶ ಏಳುತ್ತಲೇ.

ನನಗೂ ಹಾಗೇ ಅನಿಸಿತ್ತು. ಜಲ್ಲಿ ರಾಶಿಯ ಫೋಟೊಗಳು ನೆನಪಾಗಿ ನಾಚಿಕೆಯಾಯಿತು.

ಕೆಳಗೆ ಕಚೇರಿಗೆ ಮರಳಿದ ಮೇಲೆ ದಾಕ್ಷಾಯಣಿ, ಜಲ್ಲಿಯಲ್ಲಿ ಹಿಡಿತ ಸಿಗಲೆಂದು, ನನ್ನ ಎರಡೂ ಗಾಲಿಗಳ ಗಾಳಿ ಸ್ವಲ್ಪ ಇಳಿಸಿದಳು. ಚರಿಗಿಯನ್ನು ಮತ್ತೆ ತುಂಬಿ ಗೌಡರ ಕೈಗೆ ಕೊಟ್ಟಳು. ಅಂಗಳದ ಕಟ್ಟೆಗೆ ನನ್ನನ್ನು ಒರಗಿಸಿ, ಕಟ್ಟೆಯ ಮೇಲಿಂದ ಹತ್ತಿದಳು. ಡಾಂಬರಿನಲ್ಲಿ ಎರಡು ಸಲ ನೀರು ಚರಿಗಿಯ ಅಂಚಿನವರೆಗೆ ಬಂದು ನಿಂತಿತು. ಗೌಡರು ಎರಡು ಸಲವೂ “ಹೂಂ” ಎಂದರು. ಎರಡನೇ ತಿರುವಿಗೆ ಮೊದಲು ಅವಳು ಒಂದು ಬಂಡೆ ನೋಡಿ, ಅದರ ಮೇಲೆ ಎಡಗಾಲು ಊರಿ ನಿಲ್ಲಿಸಿದಳು.

“ಗೌಡ್ರ, ಇಳೀರಿ.”

“ಯಾಕವಾ?”

“ನೀವು ಹಿಂದ ಕುಂತ್ರ ಮುಂದಿನ ಗಾಲಿ ಹಗುರ ಆಕ್ಕೈತ್ರಿ. ನೀರು ಉಳೀಬೇಕೋ, ಗಾಡಿ ಹತ್ತಬೇಕೋ? ಒಂದು ಹೇಳ್ರಿ.”

“ಎರಡೂ.”

“ಹಂಗಾದ್ರ ನೀರು ನೀವು ತಗೊಂಡ್ ಬರ್ರಿ. ಗಾಡಿ ನಾ ತರ್ತೀನಿ.”

ಗೌಡರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಇಬ್ಬರೂ ಸೇರಿ ಏನೋ ಹೂಡಿದ್ದೇವೆ ಎಂಬ ಮುಖ ಮಾಡಿ ಇಳಿದರು.

ಅವಳು ಸೀಟು ಬಿಟ್ಟು ಎದ್ದು ನಿಂತಳು. ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಓಡಿಸಿರಲಿಲ್ಲ. ಮಂಡಿಗಳಲ್ಲಿ ನನ್ನನ್ನು ಹಿಡಿದು, ಕೈ ಸಡಿಲ ಬಿಟ್ಟು, ನಾನು ಎತ್ತ ವಾಲಿದರೂ ವಾಲಲು ಬಿಟ್ಟಳು. ಹಿಂದಿನ ಗಾಲಿ ಜಾರಿತು; ಅವಳು ಬ್ರೇಕ್ ಮುಟ್ಟಲಿಲ್ಲ. ಮುಂದಿನದು ಕಲ್ಲಿಗೆ ಬಡಿದು ಎದ್ದಿತು. ಅವಳು ಬೈಯಲೂ ಇಲ್ಲ. ಈಗ ಬೀಳುತ್ತೇನೆ, ಈಗ ಬೀಳುತ್ತೇನೆ ಎಂದು ಎಣಿಸುತ್ತಿರುವಾಗಲೇ ದಾರಿ ಮುಗಿದು ಗಾಳಿ ಮುಖಕ್ಕೆ ಹೊಡೆಯಿತು.

ಗೌಡರಿಗೆ ನಲವತ್ತು ನಿಮಿಷ ಹಿಡಿಯಿತು. ಏಪ್ರಿಲ್ ತಿಂಗಳ ಬಿಸಿಲು. ನೆತ್ತಿಗೆ ಬಂದವರೇ ಕಂಬದ ನೆರಳಲ್ಲಿ ಕೂತು, ಖಾಲಿ ಚರಿಗಿಯನ್ನು ಪಕ್ಕಕ್ಕಿಟ್ಟರು.

“ಚೆಲ್ಲೀತೇನ್ರಿ?” ಎಂದಳು ದಾಕ್ಷಾಯಣಿ.

“ಇಲ್ಲ,” ಎಂದು ಮೀಸೆ ಒರೆಸಿಕೊಂಡರು ಗೌಡರು. “ಕುಡದೆ.”

ಅವರು ಸಂಶಯದ ಮನುಷ್ಯ, ಆದರೆ ಸುಳ್ಳು ಬರೆಯುವವರಲ್ಲ. ರಿಜಿಸ್ಟರಿನಲ್ಲಿ ಹೀಗಿದೆ: ‘ದಾಕ್ಷಾಯಣಿ. ಗಾಡಿ ಹತ್ತಿತು. ನೀರು ಚೆಲ್ಲಿಲ್ಲ.’ ನೆತ್ತಿ ಅವಳದಾಯಿತು.

ಏಳು ವರ್ಷ ನಾವು ಹತ್ತಿದೆವು. ಹತ್ತಿದ್ದನ್ನೆಲ್ಲ ಇಳಿದೆವು ಕೂಡ, ಅದನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ನನ್ನನ್ನು ಪರೀಕ್ಷಿಸಿದ ಅಷ್ಟು ಜನರಲ್ಲಿ ಒಬ್ಬರಾದರೂ ಇದು ಹೇಗೆ ಇಳಿಯುತ್ತದೆ ಎಂದು ಕೇಳಿದ್ದರೆ! ನನ್ನನ್ನು ತಿಂದದ್ದು ಇಳಿಜಾರು. ಬ್ರೇಕಿನ ಡಿಸ್ಕು ಸವೆದು ತಗಡಾಯಿತು, ಮುಂದಿನ ಫೋರ್ಕು ಎಣ್ಣೆ ಕಕ್ಕಿತು, ನನ್ನ ಮಾದರಿಯ ತಯಾರಿಕೆ ನಿಂತು ಬಿಡಿ ಸಾಮಾನು ಸಿಗದಾಯಿತು. ಕೊನೆಗೆ ಬಂದ ಮೆಕ್ಯಾನಿಕ್ ಹೇಳಿದ: “ಹತ್ತೂದೇನೋ ಇನ್ನೂ ಹತ್ತತೈತ್ರಿ ಮೇಡಂ. ಇಳಿಸಾಕ ಮಾತ್ರ ನಂಬಬ್ಯಾಡ್ರಿ.”

ಹಾಗಾಗಿ ನಾನು ಮೇಲೆಯೇ ಉಳಿದೆ. ಕಂಬದಿಂದ ಕಂಬಕ್ಕೆ ಸಮತಟ್ಟು ದಾರಿಯಲ್ಲಿ ಮೆಲ್ಲಗೆ ಓಡುತ್ತೇನೆ. ಗೌಡರು ನಿವೃತ್ತರಾದರು, ಅವರ ಕುರ್ಚಿ ಈಗ ದಾಕ್ಷಾಯಣಿಯದು.

ಮೊನ್ನೆ ಹೊಸ ಬೈಕು ಬಂತು, ನನಗಿಂತ ಎತ್ತರ, ಮೈತುಂಬ ಸ್ಟಿಕ್ಕರು. ದಾಕ್ಷಾಯಣಿ ಅದರ ವಿಮರ್ಶೆ ಓದಲಿಲ್ಲ. ಪಿಕಪ್ ಗಾಡಿಯಲ್ಲಿ ಹಾಕಿಸಿ, ಸುತ್ತಿನ ದಾರಿಯಲ್ಲಿ ನೆತ್ತಿಗೆ ತರಿಸಿದಳು. ನನ್ನ ಪಕ್ಕದಲ್ಲಿ ಇಳಿಸಿ, ಹೆಲ್ಮೆಟ್ಟು ಬಿಗಿದು, ಅದನ್ನು ಕೆಳಮುಖವಾಗಿ ತಿರುಗಿಸಿದಳು. ನಾನು ಕಿವಿಗೊಟ್ಟು ನಿಂತೆ. ಎರಡನೇ ತಿರುವಿನವರೆಗೆ ಸದ್ದೇನೋ ಸರಿಯಾಗಿಯೇ ಇತ್ತು; ಅದರಾಚೆಯದು ನೆತ್ತಿಗೆ ಕೇಳಿಸುವುದಿಲ್ಲ.