ಅತ್ತೆಯ ಚಾಪೆ

"ಈ ಕೈ ಬರ್ತಾನೇ ಇಲ್ವಲ್ಲೇ, ಆ ಕಡೆ ಹಿಡ್ಕೊ" ಎನ್ನುತ್ತ ಮುತ್ಯಾಲಮ್ಮ ಸತ್ತ ಅಕ್ಕನ ಮೊಣಕೈ ಹಿಡಿದು ಎಳೆದಳು.

ಹಿತ್ತಲಲ್ಲಿ ಸೀರೆ ಅಡ್ಡ ಕಟ್ಟಿ ಅಕ್ಕಯಮ್ಮನಿಗೆ ಕೊನೆಯ ನೀರು ಹಾಕುತ್ತಿದ್ದರು. ಎಡಗೈ ಹೇಗೋ ಪಕ್ಕಕ್ಕೆ ಬಂದಿತ್ತು. ಬಲಗೈ ಮಾತ್ರ ಹೊಟ್ಟೆ ಬಿಟ್ಟು ಕದಲಲೊಲ್ಲದು. ಸೊಸೆ ಪ್ರಮೋದಾ ಚೊಂಬು ಹಿಡಿದು ನಿಂತೇ ಇದ್ದಳು.

"ಡೈರಿಗೆ ಹೋಗೋವಾಗ ಮಾತಾಡಿಸ್ದೆ ಅಂದ್ಯಲ್ಲೇ? ನಾನು ಹೊಸಕೋಟೆಯಿಂದ ಬರೋ ಹೊತ್ಗೇ ಮೈ ಸೆಟ್ಕೊಂಡಿತ್ತು, ಅಷ್ಟು ಬೇಗ ಹೆಂಗೇ?" ಎಂದಳು ಮುತ್ಯಾಲಮ್ಮ.

ಪ್ರಮೋದಾ ಅಡ್ಡ ಕಟ್ಟಿದ ಸೀರೆಯತ್ತ ನೋಡಿದಳು. ಸೀರೆಯ ಆಚೆ ಗಂಡ ಅಂಬರೀಶ ಚಟ್ಟಕ್ಕೆ ಬಿದಿರು ಕಡಿಯುವ ಸದ್ದು ಕೇಳುತ್ತಿತ್ತು. ನಿಜ ಗೊತ್ತಾದರೆ ಅವನು ತನ್ನ ಮುಖ ನೋಡಿಯಾನೇ?

*

ಜಡಿಗೇನಹಳ್ಳಿಯ ಗುಲಾಬಿ ತೋಟಗಳಲ್ಲಿ ಹೂ ಬಿಡಿಸಿ, ಬುಟ್ಟಿ ಹೊತ್ತು ಸವೆದ ಮೈ ಅಕ್ಕಯಮ್ಮನದು. ಏರ್‌ಪೋರ್ಟ್ ಬಂದು ತಲೆಯ ಮೇಲೆ ವಿಮಾನಗಳು ಓಡಾಡತೊಡಗಿದ ಕಾಲಕ್ಕೆ ಮಂಡಿ ಕೈಕೊಟ್ಟಿತ್ತು. ಹೆಜ್ಜೆಹೆಜ್ಜೆಗೂ ಅದಕ್ಕೊಂದು ಗುದ್ದು, "ಹಾಳಾದ್ದೇ, ನಡಿ" ಎಂದು ಬೈಗುಳ.

ಹೊಸಕೋಟೆಯ ಕ್ಲಿನಿಕ್ಕಿನಲ್ಲಿ ಒಬ್ಬರು ಮೇಡಂ ವ್ಯಾಯಾಮ ಹೇಳಿಕೊಟ್ಟ ಮೇಲೆ ಮುದುಕಿ ಬದಲಾದಳು. ದಿನಾ ನಸುಕಿನಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ, ಉಸಿರಿನ ಜೊತೆಗೇ ಕೈಕಾಲು ಮೆಲ್ಲಗೆ ಆಡಿಸುವುದು. ನೋವು ಬಂದಲ್ಲಿ ನಿಲ್ಲಿಸಿ ಅಲ್ಲೇ ಸವರುವುದು. ಕೊನೆಗೆ ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನಾಗುವುದು. ಊರವರು ನಕ್ಕರು, ಪ್ರಮೋದಾಳೂ ನಕ್ಕಳು.

"ಬೈದೂ ಬೈದೂ ದುಡಿಸ್ಕೊಂಡೆ ಕಣಮ್ಮ ಈ ಮೈನ. ಈಗ ಒಂದಿಷ್ಟು ಸಮಾಧಾನ ಹೇಳ್ತಿದ್ದೀನಿ" ಎಂದಿದ್ದಳು ಅತ್ತೆ. "ಆಗ ಮಾತ್ರ ಯಾರೂ ಮಾತಾಡಿಸ್ಬೇಡಿ."

ಇವತ್ತೂ ಪ್ರಮೋದಾ ಮಾತಾಡಿಸಲಿಲ್ಲ. ಬಳೆ ಸದ್ದಾಗದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದು, ತುದಿಗಾಲಲ್ಲಿ ಗೋಡೆಯಂಚಿಗೇ ಸರಿದು, ಚಾಪೆಯ ಪಕ್ಕ ಟೀ ಇಟ್ಟಳು. ಏರ್‌ಪೋರ್ಟ್ ಡ್ಯೂಟಿಗೆ ಹೊರಟ ಅಂಬರೀಶನಿಗೂ "ಶ್" ಎಂದಳು. ಅವನು ತಾಯಿಗೆ ಹೇಳದೆಯೇ ಹೋದ. ಇವಳು ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದಾಗ ಬಿಸಿಲು ಅತ್ತೆಯ ಮುಖದ ಮೇಲೇ ಬಿದ್ದಿತ್ತು. ಟೀ ಮೇಲೆ ಕೆನೆ ಕಟ್ಟಿತ್ತು.

*

ಮುತ್ಯಾಲಮ್ಮ ಮತ್ತೆ ಎಳೆದಳು.

"ಎಳೀಬೇಡಿ ಚಿಕ್ಕತ್ತೆ! ನೋವಾದ್ರೆ ನಿಲ್ಲಿಸ್ಬೇಕು ಅಂತಿದ್ರು ಅತ್ತೆ."

"ಸತ್ತೋಳಿಗೆ ಎಂಥ ನೋವೇ?"

ಪ್ರಮೋದಾ ಕುಸಿದು ಕೂತಳು. "ನಾನು ಮಾತಾಡಿಸ್ಲೇ ಇಲ್ಲ. ಎಕ್ಸರ್‌ಸೈಜ್ ಮಾಡ್ತವ್ರೆ ಅಂದ್ಕೊಂಡು ಹೊರಟೋದೆ. ನಮ್ಮನೆಯವ್ರಿಗೂ ಮಾತಾಡಿಸೋಕೆ ಬಿಡ್ಲಿಲ್ಲ."

ಬಿದಿರು ಕಡಿಯುವ ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

"ಅವನಿಗೆ ಗೊತ್ತಾ?" ಎಂದು ಮುತ್ಯಾಲಮ್ಮ ಪಿಸುಗುಟ್ಟಿದಳು. ಪ್ರಮೋದಾ ಇಲ್ಲವೆಂದು ತಲೆಯಾಡಿಸಿದಳು. ಚಿಕ್ಕತ್ತೆ ಅಕ್ಕನ ಮೊಣಕೈ ಬಿಟ್ಟಳು. "ಹೇಳ್ಬೇಡ. ಕೈ ಹಂಗೇ ಇರ್ಲಿ. ನೀರು ಹಾಕು, ಮೆಲ್ಲಗೆ."

ಅಕ್ಕಯಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಣ್ಣಿಗೆ ಹೋದಳು.

ಸಂಜೆ ಚಾಪೆ ಹೊರಗೆ ಬಿದ್ದಿತ್ತು. ಅದಿದ್ದ ಜಾಗದಲ್ಲಿ ದೀಪ ಹಚ್ಚಿದ್ದರು. ಅದರಾಚೆ ಅಂಬರೀಶ ಗೋಡೆಗೊರಗಿ ಕೂತಿದ್ದ.

"ಒಂದ್ ಲೋಟ ನೀರು ಕೊಡೇ" ಎಂದ.

ಪ್ರಮೋದಾ ನೀರು ತಂದಳು. ಚಾಪೆಯಿಲ್ಲದ ನಡುಮನೆಯೆಲ್ಲ ಖಾಲಿ ಇತ್ತು. ಆದರೂ ಅವಳು ಗೋಡೆಯಂಚಿಗೇ ಸರಿದು, ತುದಿಗಾಲಲ್ಲಿ, ಇನ್ನೊಂದು ಕೈಯಿಂದ ಬಳೆಗಳನ್ನು ಒತ್ತಿ ಹಿಡಿದು ಬಂದಳು.