ಕೊನೆಯವನ ಹಿಂದೆ

"ಬಣ್ಣ ಬಳಿಯೋದು ನಿಲ್ಸೋ. ಜೀವಮಾನವೆಲ್ಲ ವ್ಯಾನಲ್ಲೇ ವಾಪಸ್ ಬಂದ ಮನುಷ್ಯ ನಿಮ್ಮಪ್ಪ, ಇವತ್ತೂ ವ್ಯಾನಲ್ಲೇ ಹೋಗ್ಲಿ. ಅಭ್ಯಾಸ ಇದೆಯಲ್ಲ."

ಸೋದರಮಾವ ಇದನ್ನು ಮೆಲ್ಲಗೆ ಹೇಳಲಿಲ್ಲ. ಬೀದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ನೆಂಟರಿಗೆ, ಅಕ್ಕಪಕ್ಕದವರಿಗೆ, ಬಸ್ ಡಿಪೋದಿಂದ ಬಂದವರಿಗೆ, ಎಲ್ಲರಿಗೂ ಕೇಳುವಂತೆ ಹೇಳಿದ. ಇಬ್ಬರು ಮೂವರು ನಕ್ಕರು. ಸಾವಿನ ಮನೆ ಅನ್ನುವುದು ನೆನಪಾಗಿ ನಗುವನ್ನು ಕೆಮ್ಮು ಮಾಡಿಕೊಂಡರು.

ಮಗ ಬ್ರಷ್ ನಿಲ್ಲಿಸಲಿಲ್ಲ. ಬೆಳಿಗ್ಗೆ ವೆಲ್ಡಿಂಗ್ ಅಂಗಡಿಯ ಬಾಗಿಲು ತೆಗೆದು, ಪೈಪು ಕತ್ತರಿಸಿ, ತಾನೇ ಬೆಸೆದು ತಂದ ಚಟ್ಟ ಅದು. ಅದಕ್ಕೀಗ ತುಕ್ಕು ತಡೆಯುವ ಕೆಂಪು ಬಣ್ಣ, ರೆಡ್ ಆಕ್ಸೈಡ್, ಬಳಿಯುತ್ತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಹೊತ್ತುಕೊಂಡು ಹೋಗುವುದಕ್ಕೆ ಯಾರಾದರೂ ಹಸಿ ಬಣ್ಣ ಬಳಿಯುತ್ತಾರೆಯೇ? ಅವನು ಬಳಿಯುತ್ತಾನೆ. ಮೈಗೆ ಬಣ್ಣವಿಲ್ಲದ ಕಬ್ಬಿಣವನ್ನು ಅಂಗಡಿಯಿಂದ ಹೊರಗೆ ಕಳಿಸಿ ಅವನಿಗೆ ಗೊತ್ತಿಲ್ಲ. ಗೇಟಾಗಲಿ, ಕಿಟಕಿಯಾಗಲಿ, ಅಪ್ಪನ ಚಟ್ಟವಾಗಲಿ.

"ಹೊರೋರು ಯಾರಪ್ಪ?" ಮಾವ ಬಿಡಲಿಲ್ಲ. ಸಿಮೆಂಟು ಅಂಗಡಿ ಇಟ್ಟುಕೊಂಡೂ ಬಿಳಿ ಅಂಗಿಯನ್ನೇ ತೊಡುವ, ಅದರ ಇಸ್ತ್ರಿ ಮುರಿಯದಂತೆ ಕೂರುವ ಮನುಷ್ಯ. "ಸ್ಮಶಾನ ಇರೋದು ಸೇತುವೆ ಆಚೆ. ಏರು ಹತ್ತಿ ಇಳೀಬೇಕು. ಇಲ್ಲಿರೋರಲ್ಲಿ ಅರ್ಧ ಜನಕ್ಕೆ ಸೊಂಟ ಇಲ್ಲ, ಇನ್ನರ್ಧ ಜನಕ್ಕೆ ಮನಸ್ಸಿಲ್ಲ. ನಡುದಾರೀಲಿ ಕೆಳಗಿಟ್ಟು ನಿಂತ್ರೆ ಮರ್ಯಾದೆ ಹೋಗೋದು ನನ್ನದು."

"ನಿಮ್ಮದೇನೂ ಹೋಗಲ್ಲ ಮಾವ. ಯಾರೂ ಬರ್ದಿದ್ರೆ ನಾನೊಬ್ನೇ ಹೊರ್ತೀನಿ."

"ಒಬ್ನೇ ಹೊರೋಕೆ ಅದೇನು ಗ್ಯಾಸ್ ಸಿಲಿಂಡರಾ?"

ಮತ್ತೆ ಕೆಮ್ಮು. ಮಗನ ಕೈಯಲ್ಲಿ ಬ್ರಷ್ಷಿನ ಹಿಡಿ ಲಟಕ್ಕೆಂದಿತು. ಎದ್ದು ಹೋಗಿ ಒಂದು ಬಾರಿಸಿದರೆ ಬಾಯಿ ಮುಚ್ಚುತ್ತದೆ. ಆದರೆ ಅಪ್ಪ ಒಳಗೆ ನಡುಮನೆಯಲ್ಲಿ ಮಲಗಿದ್ದಾನೆ, ಬಾಗಿಲು ತೆರೆದಿದೆ. ಅವನು ಬೀದಿಯ ತಿರುವಿನತ್ತ ನೋಡಿದ. ಅಲ್ಲಿ ಆ ವ್ಯಾನು ನಿಂತಿತ್ತು. ಡ್ರೈವರು ಬಾನೆಟ್ಟಿಗೆ ಒರಗಿ ತಲೆ ತಗ್ಗಿಸಿದ್ದ. ಯಾರು ಕರೆದಿದ್ದರೋ ಇವನನ್ನು. ಬೇರೆ ಯಾವ ಗಾಡಿಯಾದರೂ ಮಗ ಒಪ್ಪುತ್ತಿದ್ದನೇನೋ. ಈ ವ್ಯಾನಿಗೆ ಮಾತ್ರ ಅಪ್ಪನನ್ನು ಹತ್ತಿಸುವುದಿಲ್ಲ, ಇವತ್ತಂತೂ ಇಲ್ಲ.

*

ಆ ವ್ಯಾನು ಊರಿಗೆಲ್ಲ ಗೊತ್ತು. ನೂಲಿನ ಮಿಲ್ಲಿಗೆ ಬೆಂಕಿ ಬಿದ್ದಾಗ ಸತ್ತವರ ನೆನಪಿಗೆ ವರ್ಷಕ್ಕೊಮ್ಮೆ ಮ್ಯಾರಥಾನ್ ನಡೆಯುತ್ತದೆ. ಸುಟ್ಟ ಮಿಲ್ಲಿನ ಗೇಟಿನಿಂದ ಹೊರಟು, ಊರೆಲ್ಲ ಸುತ್ತಿ, ಸೇತುವೆ ಹತ್ತಿಳಿದು, ಮತ್ತೆ ಅದೇ ಗೇಟು ಮುಟ್ಟಬೇಕು. ಗೊತ್ತುಮಾಡಿದ ಹೊತ್ತು ಮೀರಿದ ಮೇಲೆ, ಹಿಂದೆ ಬಿದ್ದವರನ್ನು ಹತ್ತಿಸಿಕೊಳ್ಳಲು ವ್ಯಾನು ಹಿಂದಿನಿಂದ ಹೊರಡುತ್ತದೆ. ಕೊನೆಯವನನ್ನು ಮೊದಲು ಎತ್ತಿಕೊಳ್ಳುತ್ತದೆ, ಆಮೇಲೆ ಅವನ ಮುಂದಿನವನನ್ನು. ವ್ಯಾನು ದಾಟಿದ ರಸ್ತೆಗೆ ಪೊಲೀಸರು ಬಸ್ಸು ಲಾರಿ ಬಿಡುತ್ತಾರೆ.

ಮಿಲ್ಲು ಹೋದ ಮೇಲೆ ಅಪ್ಪ ಡಿಪೋದಲ್ಲಿ ಬಸ್ಸಿನ ಸೀಟು ಹೊಲಿಯುವ ಕೆಲಸ ಹಿಡಿದ. ಒಂದು ವರ್ಷವೂ ಓಟ ತಪ್ಪಿಸಲಿಲ್ಲ. ಒಂದು ವರ್ಷವೂ ಗೇಟು ಮುಟ್ಟಲಿಲ್ಲ.

ಮಗ ಹೈಸ್ಕೂಲಿನಲ್ಲಿದ್ದಾಗ ಪ್ರತಿ ಸಲವೂ ಗೇಟಿನ ಹತ್ತಿರ ನೀರಿನ ಬಾಟಲಿ ಹಿಡಿದು ನಿಲ್ಲುತ್ತಿದ್ದ. ಒಬ್ಬೊಬ್ಬರೇ ಬರುತ್ತಿದ್ದರು, ಕೆನ್ನೆಯ ಮೇಲೆ ಬೆವರು ಒಣಗಿ ಉಪ್ಪಾಗಿ, ಕುಂಟುತ್ತ, ಅಳುತ್ತ. ಜನ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆಯೆಲ್ಲ ಮುಗಿದು, ಶಾಮಿಯಾನ ಬಿಚ್ಚುವ ಹೊತ್ತಿಗೆ ವ್ಯಾನು ಬರುತ್ತಿತ್ತು. ಅದರಿಂದ ಅಪ್ಪ ಇಳಿಯುತ್ತಿದ್ದ, ಮದುವೆ ಮನೆಗೆ ಬಂದವನ ಹಾಗೆ ನಗುತ್ತ.

"ಓಡೋಕೆ ಹೋಗಿದ್ರೋ, ಟೂರಿಗೆ ಹೋಗಿದ್ರೋ ನಿಮ್ಮಪ್ಪ?" ಅಂದರು ಹುಡುಗರು. ಆಮೇಲೆ ಮಗನ ಹೆಸರೇ 'ವ್ಯಾನ್' ಆಯಿತು. ಒಂದು ದಿನ ಹಾಜರಿ ಕರೆಯುವಾಗ ಮೇಷ್ಟ್ರೂ ಹಾಗೇ ಕೂಗಿ ಕ್ಲಾಸನ್ನೆಲ್ಲ ನಗಿಸಿದರು. ಅವನು ಕಿಟಕಿಯ ಗಾಜಿಗೆ ಗುದ್ದಿ ಹೊರಗೆ ಬಂದ. ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ.

ಅಪ್ಪ ಅವನ ಕೈಯನ್ನು ಬೆಳಕಿಗೆ ಹಿಡಿದು ನೋಡಿದ್ದ. "ಹೊಲಿಗೆ ಬೇಕಾಗಲ್ಲ ಬಿಡು," ಅಂದಿದ್ದ, ರೆಕ್ಸಿನ್ ನೋಡುವವನ ಹಾಗೆ.

"ಒಂದು ಸಲ. ಒಂದೇ ಒಂದು ಸಲ ಪೂರ್ತಿ ಓಡಪ್ಪ. ನಿನ್ನಿಂದ ಆಗಲ್ವಾ?"

"ನೋಡೋಣ. ಬರೋ ವರ್ಷ."

ಪ್ರತಿ ವರ್ಷವೂ ಅದೇ ಮಾತು.

*

ಚಟ್ಟವನ್ನು ಗೋಡೆಗೆ ಒರಗಿಸುವಾಗ ಬೀದಿಯ ತುದಿಯಲ್ಲಿ ಜನ ಕಂಡರು. ನೆಂಟರಲ್ಲ. ಒಬ್ಬ ಪೇಪರ್ ಹಾಕುವವನು, ಸೈಕಲ್ಲಿನಲ್ಲಿ ಇನ್ನೂ ಚೀಲ ನೇತಾಡುತ್ತಿತ್ತು. ಡ್ಯೂಟಿ ಮುಗಿಸಿ ಹಾಗೇ ಬಂದ ಒಬ್ಬ ನರ್ಸು. ಕೋರ್ಟಿನ ಗುಮಾಸ್ತ. ಇಬ್ಬರು ಕಾಲೇಜು ಹುಡುಗಿಯರು. ತಲೆ ಪೂರ್ತಿ ಬೆಳ್ಳಗಾದ ಮುದುಕರೊಬ್ಬರು. ಅವರ ಹಿಂದೆ ಇನ್ನೂ ಬರುತ್ತಲೇ ಇದ್ದರು. ಬಟ್ಟೆ ಒಬ್ಬೊಬ್ಬರದು ಒಂದೊಂದು ಥರ. ಕಾಲಲ್ಲಿ ಮಾತ್ರ ಎಲ್ಲರಿಗೂ ಓಡುವ ಬೂಟು.

ಮಾವ ಕುರ್ಚಿಯಲ್ಲೇ ತಿರುಗಿದ. "ಓಹೋ. ನೀವೂ ವ್ಯಾನಿನ ಪಾರ್ಟಿನಾ?"

"ಇಲ್ಲ ಸಾರ್," ನರ್ಸು ಅಂದಳು. "ನಾವೆಲ್ಲ ಗೇಟು ಮುಟ್ಟಿದವರು. ಅವರಿಂದ ಮುಟ್ಟಿದವರು."

ಒಳಗೆ ಹೋಗಿ ಅಪ್ಪನ ಕಾಲ ಬಳಿ ನಿಂತು ಬಂದಳು. ಹೊರಗೆ ಬಂದವಳೇ ಮಗನನ್ನು ಹುಡುಕಿದಳು. "ನೀನೇ ಅಲ್ವಾ ಮಗ? ನಿನ್ನ ವಿಷ್ಯ ಹೇಳ್ತಿದ್ರು. ನನ್ನ ಮಗ ಬೆಸೆದ ಗೇಟಿಗೆ ಲಾರಿ ಗುದ್ದಿದ್ರೆ ಲಾರೀನೇ ರಿಪೇರಿಗೆ ಹೋಗ್ಬೇಕು ಅಂತ."

ಮಗ ಬ್ರಷ್ಷನ್ನು ಡಬ್ಬಿಗೆ ಎಸೆದ. "ನಿಮಗೆ ಅವರು ಹೇಗೆ ಗೊತ್ತು?" ಅಂದ, ಜಗಳಕ್ಕೆ ನಿಂತವನ ದನಿಯಲ್ಲಿ.

*

ಅವಳ ಮೊದಲ ಓಟ. ವಾರ್ಡಿನಲ್ಲಿ ದಿನವಿಡೀ ನಡೆಯುವವಳಿಗೆ ಇದೇನು ದೊಡ್ಡದು ಅಂದುಕೊಂಡಿದ್ದಳು. ಮಾರುಕಟ್ಟೆ ದಾಟುವವರೆಗೆ ಪಕ್ಕದವರ ಜೊತೆ ಹರಟುತ್ತಲೇ ಓಡಿದಳು. ಆಮೇಲೆ ಹರಟೆ ನಿಂತಿತು. ಕಾಲ್ಬೆರಳಿನ ಉಗುರು ಬೂಟಿನೊಳಗೆ ಎದ್ದು ಬಂತು. ನೀರು ಕೊಡುವ ಮೇಜುಗಳಲ್ಲಿ ಲೋಟ ಖಾಲಿಯಾಗಿದ್ದವು. ಓಡುವವರು ಮುಖ ಒರೆಸಿ ಬಿಸಾಕಿದ ಒದ್ದೆ ಸ್ಪಂಜುಗಳ ಮೇಲೆ ಕಾಲು ಜಾರುತ್ತಿತ್ತು. ಸೇತುವೆಯ ಏರಿನ ಬುಡಕ್ಕೆ ಬರುವಾಗ ತೊಡೆ ಕಲ್ಲಾಯಿತು. ಹಿಂದೆ ಸಣ್ಣ ಗೇರಿನಲ್ಲಿ ತೆವಳುವ ಇಂಜಿನ್ನಿನ ಸದ್ದು. ತಿರುಗಿ ನೋಡಲು ಧೈರ್ಯವಿಲ್ಲ.

ಆಗ ಬೆನ್ನಿನ ಮೇಲೆ ಒಂದು ಕೈ ಬಂತು. ತಳ್ಳಲಿಲ್ಲ. ಇತ್ತು, ಅಷ್ಟೆ.

"ಸಿಸ್ಟರ್, ಮುಂದೆ ನೋಡ್ಕೊಂಡು ಹೋಗಿ. ಹಿಂದಿಂದು ನನಗೆ ಬಿಡಿ."

ಆ ಮನುಷ್ಯನಿಗೆ ಏದುಸಿರೇ ಇರಲಿಲ್ಲ. ಬೇಕೆಂದರೆ ಅವಳನ್ನು ದಾಟಿ, ಅವಳ ಮುಂದಿದ್ದವರನ್ನೂ ದಾಟಿ ಹೋಗಬಲ್ಲ ಉಸಿರು ಅದು. ಏರಿನ ಅರ್ಧದಲ್ಲಿ ಕೈ ಹೋಯಿತು. ಅವನು ನಿಂತುಬಿಟ್ಟಿದ್ದ. ವ್ಯಾನು ಅವನ ಪಕ್ಕಕ್ಕೆ ಬಂದು ಬಾಗಿಲು ತೆರೆಯಿತು. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಲೇಸು ಬಿಚ್ಚಿದ. ಮತ್ತೆ ಕಟ್ಟಿದ. ನೀರು ಕೇಳಿದ. ಆಮೇಲೆ ಬಾಗಿಲಿಗೆ ಅಡ್ಡ ನಿಂತೇ ಸೀಟನ್ನು ಒತ್ತಿ ನೋಡಿದ.

"ಹತ್ತಣ್ಣ, ಮುಂದೆ ಇನ್ನೂ ಜನ ಇದಾರೆ," ಅಂದ ಡ್ರೈವರು.

"ಈ ಸೀಟು ನಾನೇ ಹೊಲಿದಿದ್ದು ಕಣಪ್ಪ. ನೋಡು, ಇಲ್ಲಿ ಬಿಟ್ಟಿದೆ. ಹೀಗೇ ಬಿಟ್ರೆ ನನ್ನ ಹೆಸರು ಹಾಳಾಗುತ್ತೆ." ಸೊಂಟದ ಚೀಲದಿಂದ ಡೊಂಕು ಸೂಜಿ, ಮೇಣ ಹಚ್ಚಿದ ದಾರ ಹೊರಬಂದವು. ಓಟಕ್ಕೆ ಸೂಜಿ ದಾರ ತಂದಿದ್ದ ಮಹಾನುಭಾವ.

ಅವನು ಹೊಲಿಯುತ್ತಿದ್ದಷ್ಟು ಹೊತ್ತು ವ್ಯಾನು ಕದಲಲಿಲ್ಲ. ಅವಳು ಸೇತುವೆ ಇಳಿದಳು. ಅವಳ ಮುಂದಿದ್ದವರೂ ಇಳಿದರು.

*

"ಪ್ರತಿ ವರ್ಷ ಒಂದು ಹೊಲಿಗೆ," ಡ್ರೈವರು ಯಾವಾಗಲೋ ಹತ್ತಿರ ಬಂದು ನಿಂತಿದ್ದ. "ಆ ಸೀಟಲ್ಲಿ ಈಗ ರೆಕ್ಸಿನ್‌ಗಿಂತ ದಾರಾನೇ ಜಾಸ್ತಿ. ಚೆನ್ನಾಗಿರೋ ಹೊಲಿಗೆ ಬಿಚ್ಚಿ ಹೊಲಿಯೋರು. ನನಗೆ ಗೊತ್ತಾಗ್ತಿರ್ಲಿಲ್ಲ ಅಂದ್ಕೊಂಡ್ರಾ? ಇಂಜಿನ್ ಆಫ್ ಮಾಡ್ಕೊಂಡು ಕೂತಿರ್ತಿದ್ದೆ."

ಮಗ ಬಾಗಿಲಿಗೆ ಹೋದ. ಅಮ್ಮ ಹೊಸ್ತಿಲ ಒಳಗೆ ಗೋಡೆಗೆ ಒರಗಿ ಕೂತಿದ್ದಳು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನಗ್ಯಾಕೆ ಹೇಳಲಿಲ್ಲ?"

"ನೀನು ಎಲ್ಲಿ ಕೇಳ್ದೆ? ಬೈತಿದ್ದೆ." ಅಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ. "ಹೇಳಬೇಡ ಅಂತಿದ್ರು. ಗೊತ್ತಾದ್ರೆ ಹಿಂದೆ ಬಿದ್ದೋರಿಗೆ ನಾಚಿಕೆ ಆಗುತ್ತೆ ಅಂತ. ಬೆಂಕಿ ದಿನ ಮಿಲ್ಲಿನ ಮೆಟ್ಟಿಲ ಮೇಲೆ ಹೊಗೇಲಿ ಕಣ್ಣು ಕಾಣ್ತಿರ್ಲಿಲ್ಲವಂತೆ. ನಿಮ್ಮಪ್ಪನ ಬೆನ್ನ ಮೇಲೆ ಯಾರದೋ ಕೈ ಇತ್ತು. ಒಬ್ಬ ಹೆಂಗಸು. ಮುಂದೆ ನೋಡ್ಕೊಂಡು ಹೋಗಪ್ಪ, ಹಿಂದಿಂದು ನಾನು ನೋಡ್ಕೋತೀನಿ ಅಂತಿದ್ಲಂತೆ. ಬಾಗಿಲು ದಾಟಿ ತಿರುಗಿ ನೋಡಿದ್ರೆ ಹಿಂದೆ ಯಾರೂ ಇಲ್ಲ. ಅವಳ ಮುಖ ನೋಡಿಲ್ಲ ಇವರು. ಕೈ ಮಾತ್ರ ಗೊತ್ತು."

ಮಗ ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಇಷ್ಟು ವರ್ಷದ ಸಿಟ್ಟು ಈಗಲೂ ಹಾಗೇ ಇತ್ತು. ಆದರೆ ಯಾರ ಮೇಲೆ ಸುರಿಯಬೇಕೋ ಗೊತ್ತಾಗಲಿಲ್ಲ. ಎದ್ದು ಹೊರಗೆ ಬಂದ.

"ಎತ್ತೋಣ," ಅಂದ. "ಬಣ್ಣ ಹಸಿ ಇದೆ. ಅಂಗಿ ಹಾಳಾಗುತ್ತೆ."

"ಆಗ್ಲಿ ಬಿಡು," ಪೇಪರ್ ಹಾಕುವವನು ಅಂದ.

"ವ್ಯಾನು?" ಮಾವ ಕೇಳಿದ.

"ವ್ಯಾನು ಹಿಂದೆ ಬರುತ್ತೆ," ಡ್ರೈವರು ಹೇಳಿದ. "ಇವತ್ತು ನಾನು ಅವರನ್ನ ಹತ್ತಿಸಲ್ಲ."

ಹೊರಟರು. ಓಡುವವರಿಗೆ ಭಾರ ಹಂಚಿಕೊಳ್ಳುವುದು ಹೇಳಿಕೊಡಬೇಕಾಗಿರಲಿಲ್ಲ. ಒಬ್ಬರ ಉಸಿರು ದಪ್ಪವಾದರೆ ಪಕ್ಕದವರು ಮಾತಿಲ್ಲದೆ ಹೆಗಲು ಕೊಡುತ್ತಿದ್ದರು. ಚಟ್ಟ ಎಲ್ಲೂ ನಿಲ್ಲಲಿಲ್ಲ, ಕುಲುಕಲಿಲ್ಲ. ನರ್ಸಿನ ಬಿಳಿ ಕೋಟಿನ ಹೆಗಲು ಇಟ್ಟಿಗೆ ಬಣ್ಣವಾಯಿತು. ಗುಮಾಸ್ತನ ಕೈ, ಮುದುಕರ ಕತ್ತು, ಹುಡುಗಿಯರ ಜಡೆ, ಎಲ್ಲ ಕೆಂಪು. ಯಾರೂ ಒರೆಸಿಕೊಳ್ಳಲಿಲ್ಲ. ರಸ್ತೆ ಬದಿಯ ಅಂಗಡಿಯವರು ಹೊರಗೆ ಬಂದು ನಿಂತು ಯಾರೋ ದೊಡ್ಡ ಮನುಷ್ಯರಿರಬೇಕು ಅಂತ ಮಾತಾಡಿಕೊಂಡರು. ಹೌದು, ಅಂದುಕೊಂಡ ಮಗ. ಸೀಟು ಹೊಲಿಯುತ್ತಿದ್ದರು.

ಸೇತುವೆಯ ಏರಿನಲ್ಲಿ ಅವನ ಹೆಗಲಿನ ಭಾರವನ್ನು ಪೇಪರಿನವನು ತೆಗೆದುಕೊಂಡ. ಬರಿಗೈಯಾದ ಮಗ ಹಿಂದಕ್ಕೆ ನೋಡಿದ. ಮೆರವಣಿಗೆ ಉದ್ದಕ್ಕೆ ಎಳೆದುಕೊಂಡಿತ್ತು. ಎಲ್ಲರಿಗಿಂತ ಹಿಂದೆ, ಬಹಳ ಹಿಂದೆ, ಒಂದು ಬಿಳಿ ಅಂಗಿ. ಮಾವ ಕಂಬಿ ಹಿಡಿದು ನಿಂತು ಬಾಯಲ್ಲಿ ಉಸಿರಾಡುತ್ತಿದ್ದ. ಅವನ ಹಿಂದೆ ವ್ಯಾನು ಸಣ್ಣ ಗೇರಿನಲ್ಲಿ ತೆವಳುತ್ತ ಬರುತ್ತಿತ್ತು.

ಹತ್ತಲಿ, ಅಂದಿತು ಒಳಗಿನ ಸಿಟ್ಟು. ಎಲ್ಲರ ಎದುರು ಹತ್ತಲಿ, ಆ ಸೀಟಿನ ಮೇಲೇ ಕೂರಲಿ. ನೋಡಿ ಮನಸಾರೆ ನಗುತ್ತೇನೆ.

ಅವನ ಕಾಲು ಇಳಿಜಾರಿನಲ್ಲಿ ವಾಪಸು ನಡೆಯತೊಡಗಿತ್ತು. ಮಾವನನ್ನು ದಾಟಿದ. ವ್ಯಾನಿಗೂ ಮಾವನಿಗೂ ನಡುವೆ ಹೋಗಿ ನಿಂತ. ಕೈ ಎತ್ತಿ ಮಾವನ ಬೆನ್ನ ಮೇಲಿಟ್ಟ. ತಳ್ಳಲಿಲ್ಲ.

"ಏನೋ ಇದು? ನಾನೇನು ಬಿದ್ದು ಹೋಗ್ತೀನಾ? ಕೈ ತೆಗಿ."

"ಮುಂದೆ ನೋಡ್ಕೊಂಡು ನಡೀರಿ ಮಾವ."

ಮಾವ ಗೊಣಗುತ್ತಲೇ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಅಂಗೈಗೆ ಆ ಮುದಿ ಬೆನ್ನಿನ ಬಿಸಿ, ಬೆವರು, ಡಬಡಬ ಹೊಡೆದುಕೊಳ್ಳುವ ಎದೆ ಎಲ್ಲ ತಿಳಿಯುತ್ತಿತ್ತು. ಹಿಂದೆ ವ್ಯಾನಿನ ಸದ್ದು ನಿಂತಿತು. ಡ್ರೈವರು ಇಂಜಿನ್ ಆಫ್ ಮಾಡಿದ್ದ.

ಸ್ಮಶಾನದ ಗೇಟಿನಲ್ಲಿ ಜನ ಕಾಯುತ್ತಿದ್ದರು. ಚಟ್ಟವನ್ನು ಹೆಗಲಿನಿಂದ ಇಳಿಸದೆ ನಿಂತಿದ್ದರು, ಕೊನೆಯವರು ಬರಲಿ ಅಂತ. ಮಾವ ಗೇಟು ದಾಟಿ, ಸುಧಾರಿಸಿಕೊಂಡು, ಕತ್ತು ಒರೆಸಿಕೊಂಡು, ಮೊದಲಿನ ದನಿ ತಂದುಕೊಂಡ.

"ನೋಡಿದ್ರಾ ಎಲ್ಲರೂ? ಸ್ವಂತ ಅಪ್ಪನ ಚಟ್ಟ ಬಿಟ್ಟು ಮಗರಾಯ ಎಲ್ಲರಿಗಿಂತ ಕೊನೇಲಿ ಬಂದ. ಅಪ್ಪನ ಥರಾನೇ."

ಈ ಸಲ ಯಾರೂ ಕೆಮ್ಮಲಿಲ್ಲ. ಹೇಳುತ್ತ ಹೇಳುತ್ತ ಮಾವ ಅತ್ತ ಇತ್ತ ತಿರುಗಿದಾಗ ಅವನ ಬೆನ್ನು ಎಲ್ಲರಿಗೂ ಕಂಡಿತು. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ನಟ್ಟನಡುವೆ, ಐದೂ ಬೆರಳು ಬಿಡಿಸಿದ ಒಂದು ಕೆಂಪು ಕೈ.

ಮಗ ಮಾವನ ಪಕ್ಕದಿಂದ ಹಾದು, ಹೆಗಲು ಕೊಡಲು ಚಟ್ಟದ ಕಡೆ ನಡೆದ.